ಪಂಚಮಿಯ ಚೀಲ

ಬೈಲಹೊಂಗಲ
18 ಜುಲೈ 1997

ಮೀನಾ ಅವರಿಗೆ,

ನಮಸ್ಕಾರ. ಸಂಪಗಾಂವದ ನಿಮ್ಮ ಸೋದರತ್ತೆಯ ಮನೆಯಲ್ಲಿ ನಮ್ಮ ನಿಶ್ಚಯವಾಗಿ ತಿಂಗಳ ಮೇಲಾಯಿತು. ಅಂದು ನಾನು ನಿಮ್ಮ ಜೊತೆ ಆಡಿದ್ದು ಒಂದೇ ಮಾತು. "ಚಹಾ ತಗೊಂಡ್ರಿ?" ಎಂದು ಕೇಳಿದೆ. ಚಹಾದ ತಾಟು ಹಿಡಿದು ನನ್ನ ಮುಂದೆ ನಿಂತವರೇ ನೀವು. ಅದು ನೆನಪಾದಾಗಲೆಲ್ಲ ಅಂಗಡಿಯಲ್ಲಿ ಒಬ್ಬನೇ ನಗುತ್ತೇನೆ. ನಮ್ಮ ಹಮಾಲ ಶಟ್ಟೆಪ್ಪ ನನ್ನ ಮುಖವನ್ನೇ ನೋಡುತ್ತಾನೆ.

ಈ ಪತ್ರಕ್ಕೆ ಕಾರಣ ಅವ್ವ. ಪಂಚಮಿ ಬಂತು, ಗೊತ್ತಾದ ಹುಡುಗಿಗೆ ಹಬ್ಬದ ಸೀರೆ ಕಳಿಸಬೇಕು. "ಬಣ್ಣಾ ಯಾವುದು ಅಂತ ಮೊದಲ ಕೇಳಿ ಬರಿಯೋ. ಕಳಿಸಿದ ಸೀರಿ ಉಡದ ಟ್ರಂಕಿನ್ಯಾಗ ಇಟ್ರ ನನಗ ಸಿಟ್ಟ ಬರತೈತಿ" ಎಂದಿದ್ದಾಳೆ. ಅಪ್ಪ ತೀರಿಹೋದ ಮೇಲೆ ಅಂಗಡಿಯ ಗಾದಿಯ ಮೇಲೆ ಕೂಡುವವಳು ಅವ್ವನೇ. ತಾಡಪತ್ರಿ, ಗೋಣಿಚೀಲ, ಹಗ್ಗ ಮಾರುವ ಮನೆ ನಮ್ಮದು. ಬಣ್ಣಗಳ ಪೈಕಿ ನಮಗೆ ತಿಳಿದದ್ದು ಖಾಕಿ ಮತ್ತು ಹಸಿರು ಎರಡೇ. ಆದ್ದರಿಂದ ಸಂಕೋಚವಿಲ್ಲದೆ ಬರೆಯಿರಿ.

ನಿಮ್ಮ ತಾಯಿಯವರಿಗೂ ನಿಮ್ಮ ಶಂಕರೆಪ್ಪ ಕಾಕಾ ಅವರಿಗೂ ಶರಣು ತಿಳಿಸಿ.

ಗೌರೀಶ


ರಾಮದುರ್ಗ
25 ಜುಲೈ 1997

ಗೌರೀಶ ಅವರಿಗೆ,

ನಿಮ್ಮ ಪ್ರಶ್ನೆಗೆ ತಡವಾಗಿ ಉತ್ತರ: ಇಲ್ಲ, ಅಂದು ನನಗೆ ಯಾರೂ ಚಹಾ ಕೊಡಲಿಲ್ಲ.

ಸೀರೆಯ ವಿಷಯ. ನಿಶ್ಚಯಕ್ಕೆ ಕೊಟ್ಟ ಇಳಕಲ್ ಸೀರೆಯನ್ನು ಉಟ್ಟದ್ದು ಒಂದೇ ಸಲ. ಅದೇ ಸಾಕು. ಹಬ್ಬಕ್ಕೆ ಏನೂ ಬೇಡವೆಂದರೆ ನಿಮ್ಮ ಅವ್ವನಿಗೆ ಅವಮಾನವಾದೀತು ಎಂಬುದೂ ಗೊತ್ತು. ಅದಕ್ಕೆ ಸೀರೆಯ ಬದಲು ಒಂದು ಚೀಲ ಕೊಡಿ. ಬೆನ್ನಿಗೆ ಹಾಕಿಕೊಳ್ಳುವ ಗಟ್ಟಿ ಚೀಲ.

ಯಾಕೆ ಎನ್ನುವುದನ್ನು ನಿಂತು ಓದಬೇಡಿ, ಕೂತು ಓದಿ. ನಾನು ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ ಎಂಬುದು ನಿಮಗೆ ಗೊತ್ತು. ರವಿವಾರ ಎಲ್ಲಿರುತ್ತೇನೆ ಎಂಬುದು ಗೊತ್ತಿಲ್ಲ. ಬಾದಾಮಿಯಲ್ಲಿರುತ್ತೇನೆ. ನಾಲ್ಕೈದು ಜನ ಶಿಕ್ಷಕಿಯರು ಸೇರಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲ್ಲಿಯ ಬಂಡೆಗಳನ್ನು ಹತ್ತುತ್ತೇವೆ. ನಿಶ್ಚಯದ ದಿನ ನಿಮ್ಮ ಅವ್ವ "ಹುಡುಗಿಗೆ ಏನ್ ಹವ್ಯಾಸ ಐತ್ರಿ?" ಎಂದು ಕೇಳಿದಾಗ ಹೇಳಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಶಂಕರೆಪ್ಪ ಕಾಕಾ "ರಂಗೋಲಿ" ಎಂದುಬಿಟ್ಟರು. ನಿಜ ಹೇಳಬೇಕೆಂದರೆ ನನಗೆ ಸಾಲಾಗಿ ಚುಕ್ಕಿ ಇಡಲೂ ಬರುವುದಿಲ್ಲ.

ಮದುವೆಯಾದ ಮೇಲೂ ನಾನು ಹತ್ತಬೇಕು. ಹತ್ತದೆ ಎರಡು ವಾರ ಕಳೆದರೆ ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತದೆ ಎಂದು ನನ್ನ ಅವ್ವ ಹೇಳುತ್ತಾಳೆ. ನಿಮಗೆ ಇದು ಆಗಿಬರುವುದಿಲ್ಲ ಎಂದಾದರೆ ಈಗಲೇ ಹೇಳಿ, ನಾನು ಬೇಸರ ಮಾಡಿಕೊಳ್ಳುತ್ತೇನೆ, ಆದರೆ ಸಿಟ್ಟಾಗುವುದಿಲ್ಲ.

ಈಗ ಚೀಲ ಹೇಗಿರಬೇಕೆಂದರೆ, ಒಂದು ದಿನದ ಸಾಮಾನು ಹಿಡಿಸಬೇಕು: ನೀರು, ಬುತ್ತಿ, ಬೂಟು, ಸುತ್ತಿದ ಹಗ್ಗ. ಬೆನ್ನಿಗೆ ಅಂಟಿಕೊಂಡಿರಬೇಕು, ಜೋಲಾಡಿದರೆ ಅದು ನನ್ನನ್ನೇ ಹಿಂದಕ್ಕೆ ಎಳೆಯುತ್ತದೆ. ಬಾದಾಮಿಯ ಕಲ್ಲು ಅರದ ಹಾಗೆ ಉಜ್ಜುತ್ತದೆ, ತಳ ಅದನ್ನು ತಡೆದುಕೊಳ್ಳಬೇಕು. ಪೇಟೆಯಲ್ಲಿ ಸಿಗುವವು ಶಾಲಾ ಮಕ್ಕಳ ಚೀಲಗಳು. ಬೆಳಗಾವಿಯ ಕ್ಯಾಂಪಿನಲ್ಲಿ ಸಿಪಾಯಿಗಳು ಬೆನ್ನಿಗೆ ಹೊರುವ ಹಳೆಯ ಪಿಟ್ಟು ಚೀಲ ಸಿಗುತ್ತದೆ, ಗಟ್ಟಿಯೇನೋ ಹೌದು, ಆದರೆ ಅದರೊಳಗೆ ನನ್ನಂಥವರಿಬ್ಬರು ಕೂಡಬಹುದು.

ನಿಮ್ಮದು ಚೀಲದ ಅಂಗಡಿಯೇ ಅಲ್ಲವೇ? ನೋಡೋಣ.

ಮೀನಾ


ಬೈಲಹೊಂಗಲ
5 ಆಗಸ್ಟ್ 1997

ಮೀನಾ ಅವರಿಗೆ,

ಚೀಲ ಸಿದ್ಧವಾಗಿದೆ. ನಾಳೆ ಬೆಳಗಿನ ರಾಮದುರ್ಗ ಬಸ್ಸಿಗೆ ಹಾಕುತ್ತೇನೆ, ಹಬ್ಬಕ್ಕೆ ಮುಂಚೆ ನಿಮ್ಮ ಕೈಯಲ್ಲಿರುತ್ತದೆ.

ನಮ್ಮ ಅಂಗಡಿಯ ಕಟ್ಟೆಯ ಮೇಲೆ ಮಶಿನ್ ಇಟ್ಟುಕೊಂಡು ಲಾರಿಗಳಿಗೆ ತಾಡಪತ್ರಿ ಹೊಲಿಯುವ ಖಾಸಿಮಸಾಬ ಅದನ್ನು ಹೊಲಿದಿದ್ದಾರೆ. ಅಪ್ಪನ ಕಾಲದಿಂದ ಇದ್ದವರು, ನಾನು ಅವರನ್ನು ಚಾಚಾ ಎನ್ನುತ್ತೇನೆ. "ಹತ್ತಿ ಲಾರಿಗೆ ಹೊಚ್ಚೂ ಮಾಲಿನ್ಯಾಗ ಹೊಲದೇನಿ. ಮೊಮ್ಮಕ್ಕಳ ಕಾಲಕ್ಕೂ ಹರಿಯಂಗಿಲ್ಲ" ಎಂದು ಮೀಸೆ ತಿರುವಿದರು. ತಳಕ್ಕೆ ಎರಡು ಪದರ ಹಾಕಿಸಿದ್ದೇನೆ. ನಿಮ್ಮ ಬೆನ್ನಿನ ಅಳತೆ ಕೇಳಿ ಬರೆಯಲು ನಾಚಿಕೆಯಾಯಿತು, ಸಿಮೆಂಟ್ ಚೀಲದ ಅಳತೆ ಹಿಡಿದೆವು. ಅವ್ವ ಸೀರೆಯಿಲ್ಲದ ಹಬ್ಬವೇ ಎಂದು ಗೊಣಗಿ, ಕೊನೆಗೆ ಚೀಲದ ಬಾಯಿಗೆ ಸುತ್ತಲೂ ಇಳಕಲ್ ಅಂಚು ಹೊಲಿಸಿದಳು.

ನೀವು ಬಂಡೆ ಹತ್ತುವ ವಿಷಯ ಓದಿ ಬಹಳ ಹೆಮ್ಮೆಯಾಯಿತು. ಇಲ್ಲಿ ಎಲ್ಲರಿಗೂ ಖುಷಿಯೇ. ಮದುವೆಯ ನಂತರದ ವಿಷಯಕ್ಕೆ ಏನೂ ಚಿಂತೆ ಬೇಡ. ಎಲ್ಲ ಸರಿಹೋಗುತ್ತದೆ.

ಗೌರೀಶ


ರಾಮದುರ್ಗ
17 ಆಗಸ್ಟ್ 1997

ಗೌರೀಶ ಅವರಿಗೆ,

ಚೀಲ ಬಂತು. ಬಸ್‌ಸ್ಟ್ಯಾಂಡಿನಿಂದ ಅದನ್ನು ಮನೆಗೆ ತಂದ ಶಂಕರೆಪ್ಪ ಕಾಕಾ "ಒಳಗ ಏನೈತಿ ಇಷ್ಟ ಭಾರ?" ಎಂದು ಬಿಚ್ಚಿ ನೋಡಿದರು. ಒಳಗೆ ಏನೂ ಇರಲಿಲ್ಲ. ಚೀಲವೇ ಅಷ್ಟು ಭಾರ.

ಅವ್ವ ಅದಕ್ಕೆ ಕುಂಕುಮ ಹಚ್ಚಿ, ಆರತಿ ಬೆಳಗಿ, ಕಪಾಟಿನಲ್ಲಿಟ್ಟಳು. ಅಲ್ಲಿಂದ ಅದನ್ನು ಬಿಡಿಸಿಕೊಂಡು ಬಾದಾಮಿಗೆ ಒಯ್ಯುವುದೇ ಒಂದು ಸಾಹಸವಾಯಿತು. ನಿಜ, ಇದು ಹರಿಯುವುದಿಲ್ಲ. ಹರಿಯುವವಳು ನಾನು. ತಾಡಪತ್ರಿಗೆ ಹಾಕಿದ ಮೇಣ ಬಿಸಿಲಿಗೆ ಕರಗಿ ಅಂಗಿಗೆ ಹತ್ತಿತು. ಉದ್ದ ಹೆಚ್ಚಾಗಿ ಕಾಲೆತ್ತಿದಾಗಲೆಲ್ಲ ಹಿಂದೆ ಬಡಿಯಿತು. ಮಂಚಕ್ಕೆ ಹೆಣೆಯುವ ನವಾರವನ್ನು ಹೆಗಲ ಪಟ್ಟಿ ಮಾಡಿದ್ದೀರಿ, ಬೆವರಿಗೆ ನೆನೆದು ಜಗ್ಗುತ್ತದೆ. ಇಳಕಲ್ ಅಂಚು ಮಾತ್ರ ಚೆನ್ನಾಗಿದೆ, ಅದನ್ನು ತೆಗೆಯಬೇಡಿ.

ಚಾಚಾ ಅವರಿಗೆ ನನ್ನ ಬೆನ್ನಿನ ಅಳತೆ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನಾಚಿಕೆಯಾದರೆ ನೀವು ಓದಬೇಡಿ.

ಇನ್ನೊಂದು ಮಾತು. "ಏನೂ ಚಿಂತೆ ಬೇಡ, ಎಲ್ಲ ಸರಿಹೋಗುತ್ತದೆ" ಎಂದು ಬರೆದಿರಿ. ಇದು ಗಿರಾಕಿಗೆ ಹೇಳುವ ಮಾತು. ಈ ಮೊದಲು ನಾನು ಕೊಂಡ ಚೀಲಕ್ಕೂ ಅಂಗಡಿಯವನು "ಗಟ್ಟಿ ಐತ್ರಿ, ಏನೂ ಆಗಂಗಿಲ್ಲ" ಎಂದೇ ಹೇಳಿದ್ದ. ಕಳೆದ ಜೂನಿನಲ್ಲಿ ಬಂಡೆಯ ನಡುವೆ ಇದ್ದಾಗ ಅದರ ಚೈನು ಬಿಚ್ಚಿಕೊಂಡು ನೀರಿನ ಸ್ಟೀಲ್ ಬಾಟಲಿ ಕೆಳಗೆ ಬಿತ್ತು. ಆಗ ಶಾಲೆಯ ಹುಡುಗಿಯರನ್ನೂ ಕರೆದೊಯ್ಯುತ್ತಿದ್ದೆ, ಕೆಳಗೆ ನನ್ನ ವಿದ್ಯಾರ್ಥಿನಿ ಮೆಹೆರಾಜ ನಿಂತಿದ್ದಳು. ಅವಳ ಕಾಲ ಬಳಿ ಕಲ್ಲಿಗೆ ಬಡಿದು ಬಾಟಲಿ ಚಪ್ಪಟೆಯಾಯಿತು. ಒಂದು ಹೆಜ್ಜೆ ಆಚೆಗೆ ಬಿದ್ದಿದ್ದರೆ ಅವಳ ತಲೆ. ಆ ಸದ್ದು ನೆನಪಾದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಅಂದಿನಿಂದ ಹುಡುಗಿಯರನ್ನು ಕರೆದೊಯ್ಯುವುದನ್ನು ಹೆಡ್‌ಮಿಸ್ಟ್ರೆಸ್ ನಿಲ್ಲಿಸಿದ್ದಾರೆ.

ಅದಕ್ಕೇ ಕೇಳುತ್ತೇನೆ. ಗಟ್ಟಿ ಐತಿ ಎಂದು ಹೇಳಬೇಡಿ. ಎಲ್ಲಿ ಹರಿಯುತ್ತದೆ ಎಂದು ಹೇಳಿ. ಚೀಲದ ವಿಷಯಕ್ಕೂ ಅಷ್ಟೇ, ನಿಮ್ಮ ವಿಷಯಕ್ಕೂ ಅಷ್ಟೇ.

ಚೀಲವನ್ನು ತಿದ್ದಲು ವಾಪಸ್ ಕಳಿಸುತ್ತಿದ್ದೇನೆ. ಬೀಗರ ಮನೆಯಿಂದ ಬಂದದ್ದನ್ನು ಬರಿದಾಗಿ ತಿರುಗಿ ಕಳಿಸಬಾರದೆಂದು ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಹಚ್ಚಿದ ಅವಲಕ್ಕಿ ಬಾಯಿವರೆಗೆ ತುಂಬಿದ್ದಾಳೆ. ತಡೆಯಲು ನನ್ನಿಂದ ಆಗಲಿಲ್ಲ.

ಮೀನಾ


ಬೈಲಹೊಂಗಲ
29 ಆಗಸ್ಟ್ 1997

ಪ್ರಿಯ ಮೀನಾ ಅವರಿಗೆ,

ಮೊದಲು ಕೆಟ್ಟ ಸುದ್ದಿ. ನಮ್ಮೂರಲ್ಲಿ ತುಂಬಿದ ಚೀಲ ಎಂದರೆ ಹಮಾಲನಿಗೆ ಒಂದೇ ಅರ್ಥ. ಬಸ್ಸಿನಿಂದ ಇಳಿಸಿದ ನಿಮ್ಮ ಚೀಲವನ್ನು ಶಟ್ಟೆಪ್ಪ ಕಬ್ಬಿಣದ ಹುಕ್ಕು ಹಾಕಿ ಎಳೆದ. ಮೊಮ್ಮಕ್ಕಳ ಕಾಲಕ್ಕೂ ಹರಿಯುವುದಿಲ್ಲ ಎಂದ ಚಾಚಾರ ಕಣ್ಣೆದುರಿಗೇ ಹುಕ್ಕು ಎರಡೂ ಪದರ ದಾಟಿ ಒಳಗೆ ಹೋಗಿ ಒಂದು ಎಳ್ಳುಂಡಿಯನ್ನು ಚುಚ್ಚಿಕೊಂಡು ಹೊರಗೆ ಬಂತು. ಅವ್ವ ಶಟ್ಟೆಪ್ಪನಿಗೆ "ಬೀಗರ ಚೀಲಕ್ಕ ಹುಕ್ಕ ಹಾಕತಿಯಲ್ಲೋ, ನಿನ್ನ ಕೈಗೆ ಏನ್ ಹೇಳಲಿ!" ಎಂದು ಬೈದಳು. ಅವನು "ಅದರ ಮ್ಯಾಲ ಬೀಗರು ಅಂತ ಬರದಿಲ್ಲಲ್ರಿ ಎವ್ವಾ" ಎಂದ. ಬೈಗುಳ ಮುಗಿದ ಮೇಲೆ ಇಬ್ಬರೂ ಕೂತು ಉಂಡಿ ತಿಂದರು.

ಚಾಚಾ ಎರಡು ದಿನ ಆ ತೂತನ್ನೇ ತಿರುವಿ ತಿರುವಿ ನೋಡಿದರು. ಮೂರನೆಯ ದಿನ ತಾವೇ ಬೆಳಗಾವಿಗೆ ಹೋಗಿ ತೆಳು ಕ್ಯಾನ್ವಾಸು, ನೈಲಾನ್ ಪಟ್ಟಿ, ಬಕ್ಕಲ್ ತಂದರು. ಈ ಸಲ ಚೈನೇ ಇಲ್ಲ. ಬಾಯಿಗೆ ಹುರಿ, ಅದರ ಮೇಲೆ ಮುಚ್ಚಳ, ಮುಚ್ಚಳಕ್ಕೆ ಎರಡು ಬಕ್ಕಲ್. ಹುರಿ ಬಿಚ್ಚಿದರೂ ಮುಚ್ಚಳ ಹಿಡಿಯುತ್ತದೆ, ಮೆಹೆರಾಜಳ ಬಗ್ಗೆ ಓದಿದ ಮೇಲೆ ನಾನು ಚಾಚಾ ಕೈಯಲ್ಲಿ ಮಾಡಿಸಿದ ಉಪಾಯ ಇದು. ತಾಡಪತ್ರಿ ತಳದಲ್ಲಿ ಮಾತ್ರ ಉಳಿದಿದೆ. ಸೊಂಟಕ್ಕೂ ಒಂದು ಪಟ್ಟಿ ಇದೆ. ಅಳತೆಯ ಚೀಟಿಯನ್ನು ನಾನು ಓದಲಿಲ್ಲ. ಸ್ವಲ್ಪ ಓದಿದೆ.

ಈ ಚೀಲವೂ ಬರಿದಾಗಿ ಬರುತ್ತಿಲ್ಲ. "ಅವರು ಅಷ್ಟ ತುಂಬಿ ಕಳಿಸ್ಯಾರ, ನಾವು ಬರೇ ಚೀಲಾ ಕಳಿಸಿದ್ರ ಬೀಗತಿ ಏನಂದಾಳು?" ಎಂದು ಅವ್ವ ಮಾದಲಿ, ಚಕ್ಕುಲಿ ತುಂಬಿ, ತಳದಲ್ಲಿ ಒಂದು ಸೀರೆಯನ್ನೂ ಇಟ್ಟಿದ್ದಾಳೆ. ಖಾಕಿಯೂ ಅಲ್ಲ, ಹಸಿರೂ ಅಲ್ಲ, ಗಾಬರಿಯಾಗಬೇಡಿ.

ಎಲ್ಲಿ ಹರಿಯುತ್ತದೆ ಎಂಬುದನ್ನು ನೋಡಿ ಬರೆಯುತ್ತೇನೆ.

ನಿಮ್ಮ
ಗೌರೀಶ


ರಾಮದುರ್ಗ
14 ಸೆಪ್ಟೆಂಬರ್ 1997

ಪ್ರಿಯ ಗೌರೀಶ ಅವರಿಗೆ,

ನಿಮ್ಮ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿ ನಕ್ಕು, ಏನೆಂದು ಕೇಳಿದವರಿಗೆಲ್ಲ ಎಳ್ಳುಂಡಿಯ ಕಥೆ ಹೇಳಬೇಕಾಯಿತು. ಶಟ್ಟೆಪ್ಪ ಈಗ ನಮ್ಮ ಶಾಲೆಯಲ್ಲಿ ಪ್ರಸಿದ್ಧ.

ಈ ಚೀಲ ನನಗೆ ಬಹಳ ಹಿಡಿಸಿದೆ. ಹಾಕಿಕೊಂಡದ್ದೇ ಮರೆತುಹೋಗುತ್ತದೆ. ನಿಮ್ಮ ಅವ್ವನ ಮಾದಲಿಯ ಸಿಹಿ ಪುಡಿ ಚೀಲದ ಮೂಲೆಯಲ್ಲಿ ಉಳಿದು, ಹಗ್ಗಕ್ಕೆ ಹತ್ತಿ, ಬಂಡೆಯ ನಡುವೆ ಇರುವೆಗಳ ಸಾಲು ನನ್ನ ಜೊತೆಗೇ ಮೇಲೆ ಬಂತು. ಕಚ್ಚಿದರೂ ಕೈ ಬಿಡುವಂತಿರಲಿಲ್ಲ. ಇದನ್ನು ಅವರಿಗೆ ಹೇಳಬೇಡಿ. ಒಂದೇ ದೋಷ, ಹೆಗಲ ಪಟ್ಟಿ ಚೀಲಕ್ಕೆ ಕೂಡುವಲ್ಲಿ ಹೊಲಿಗೆ ಎಳೆ ಬಿಟ್ಟಿದೆ. ತಿದ್ದಲು ಕಳಿಸುತ್ತಿದ್ದೇನೆ. ಒಳಗಿರುವುದು ಅವ್ವನ ಗುರೆಳ್ಳು ಚಟ್ನಿ. ಶಟ್ಟೆಪ್ಪನಿಗೆ ಮೊದಲೇ ಹೇಳಿಡಿ.

ಈಗ ದೊಡ್ಡ ವಿಷಯ. ಡಿಸೆಂಬರ್ ಒಂದರಿಂದ ಹದಿನಾಲ್ಕರವರೆಗೆ ಬಾದಾಮಿಯಲ್ಲಿ ಶಿಕ್ಷಕರಿಗೆ ಬಂಡೆ ಹತ್ತಿಸುವ ತರಬೇತಿ ಇದೆ. ಅರ್ಜಿ ಹಾಕಿದ್ದೆ, ಆಯ್ಕೆಯಾಗಿದ್ದೇನೆ! ಅದನ್ನು ಮುಗಿಸಿದರೆ ಮಾತ್ರ ಹುಡುಗಿಯರನ್ನು ಮತ್ತೆ ಕರೆದೊಯ್ಯಲು ಹೆಡ್‌ಮಿಸ್ಟ್ರೆಸ್ ಒಪ್ಪುತ್ತಾರೆ. ಮೆಹೆರಾಜ ದಿನಾ ಬಂದು "ಟೀಚರ್, ಯಾವಾಗ್ರಿ?" ಎನ್ನುತ್ತಾಳೆ. ಬಾಟಲಿ ಅವಳ ಕಾಲ ಬಳಿಯೇ ಬಿದ್ದದ್ದು, ಆದರೂ ಹೆದರಿದವಳು ಅವಳಲ್ಲ, ನಾನು.

ಹಿರಿಯರು ದಸರೆಯ ನಂತರ ಮುಹೂರ್ತ ನೋಡುತ್ತಾರೆ. ಮದುವೆ ಡಿಸೆಂಬರಿನಲ್ಲಿ ಬೇಡ, ಮಾಘಕ್ಕೆ ಇರಲಿ ಎಂದು ಹೇಳಬೇಕು. ಅವ್ವನನ್ನು ಕೇಳಿದೆ. "ಗಂಡಿನವರು ಅಂದ್ರ ನಮ್ಮದೇನೂ ಇಲ್ಲ. ಹೆಣ್ಣಿನವರು ನಾವು, ನಾವಾಗಿ ಮುಂದ ಹಾಕ್ರಿ ಅನ್ನಾಕ ಬರಂಗಿಲ್ಲ" ಎಂದಳು. ಹಾಗಾಗಿ ಇದು ನಿಮ್ಮ ಕೈಯಲ್ಲಿದೆ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿಯಿದೆ ಎಂದು ಬರೆದಿದ್ದೀರಿ, ಆದ್ದರಿಂದ ಕಷ್ಟವಾಗಲಾರದು.

ನಿಮ್ಮ
ಮೀನಾ


ಬೈಲಹೊಂಗಲ
27 ಸೆಪ್ಟೆಂಬರ್ 1997

ಪ್ರಿಯ ಮೀನಾ,

ಆಯ್ಕೆಯಾದದ್ದಕ್ಕೆ ಅಭಿನಂದನೆ. ಅವ್ವನಿಗೆ ಹೇಳುತ್ತೇನೆ.

ಹೆಗಲ ಪಟ್ಟಿಯ ತುದಿಯನ್ನು ಈಗ ಚೀಲದ ಒಳಗೆ ಒಂದು ಗೇಣು ತೂರಿಸಿ, ಚೌಕಾಕಾರದಲ್ಲಿ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಮತ್ತೆ ಹೊಲಿಗೆ ಹಾಕಿಸಿದ್ದೇವೆ. ಲಾರಿಯ ತಾಡಪತ್ರಿಗೆ ಹಗ್ಗದ ಕಿವಿ ಕೂಡಿಸುವಾಗ ಹೀಗೇ ಮಾಡುತ್ತಾರೆ. ದಾರವೂ ನೈಲಾನಿನದು. ಜೋಳ ತುಂಬಿಕೊಂಡು ನಾನೇ ಹೊತ್ತು ನೋಡಿದ್ದೇನೆ, ಪಟ್ಟಿ ಅಲುಗಲಿಲ್ಲ. ಅವ್ವ ಒಳಗೆ ಏನು ತುಂಬಿದ್ದಾಳೆ ನೋಡಲಿಲ್ಲ, ಹೊರಗಿನಿಂದ ಮುಟ್ಟಿದರೆ ಕೊಬ್ಬರಿ ಬಟ್ಟಲಿನ ಹಾಗಿದೆ.

ಹತ್ತಿಯ ಸುಗ್ಗಿ ಬಂತು, ಕೆಲಸ ಬಹಳ. ಪತ್ರ ತಡವಾದರೆ ಬೇಸರಿಸಬೇಡಿ.

ನಿಮ್ಮ
ಗೌರೀಶ


ರಾಮದುರ್ಗ
21 ಅಕ್ಟೋಬರ್ 1997

ಗೌರೀಶ ಅವರಿಗೆ,

ಎರಡು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಸುಗ್ಗಿ ಎಂದು ಸಮಾಧಾನ ಮಾಡಿಕೊಂಡೆ.

ನಿನ್ನೆ ಶಂಕರೆಪ್ಪ ಕಾಕಾ ನಿಮ್ಮೂರಿನಿಂದ ಪೇಢೆ ಹಿಡಿದು ಬಂದರು. ಮುಹೂರ್ತ ಡಿಸೆಂಬರ್ ಏಳು, ರವಿವಾರ. ಎರಡೂ ಕಡೆಯವರು ಒಪ್ಪಿ ವೀಳ್ಯ ಬದಲಿಸಿಕೊಂಡರಂತೆ. ನೀವೂ ಅಲ್ಲೇ ಇದ್ದಿರಂತೆ. "ಹುಡುಗಾ ಭಾಳ ಶಾಣ್ಯಾ. ಎಲ್ಲಾದಕ್ಕೂ ಹೂಂ ಅಂದ" ಎಂದು ಕಾಕಾ ಹೊಗಳಿದರು. ನಿಮ್ಮ ಅವ್ವ ಅವರಿಗೆ ಹೇಳಿದ ಇನ್ನೊಂದು ಮಾತನ್ನೂ ಕೇಳಿದೆ: "ಸಾಲಿಗೆ ಬುತ್ತಿ ಒಯ್ಯಾಕ ಚೀಲಾ ಕೇಳಿದ ಹುಡುಗಿರಿ, ಎಷ್ಟ ಸಾದಾ ಸ್ವಭಾವ."

ಬುತ್ತಿಯ ಚೀಲ. ಅಂದರೆ ಆಗಸ್ಟಿನಿಂದ ಇಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ನಿಮ್ಮ ಅವ್ವನಿಗೆ ಬೇಕಾದ ಮಾತು ಅವರಿಗೆ ಹೇಳಿದಿರಿ, ನನಗೆ ಬೇಕಾದ ಮಾತು ನನಗೆ ಬರೆದಿರಿ. ನೀವು ಬೇಡವೆಂದಿದ್ದರೆ ನಾನು ವಾದ ಮಾಡುತ್ತಿದ್ದೆ, ಜಗಳವಾಡುತ್ತಿದ್ದೆ. ಹೂಂ ಎನ್ನುವವರ ಜೊತೆ ಜಗಳವಾಡುವುದು ಹೇಗೆ?

ನನಗೆ ನಿಮ್ಮ ಮೇಲೆ ಪ್ರೀತಿ ಬಂದಿದೆ. ಬರದೇ ಇದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮೆಹೆರಾಜಳಿಗೆ ಏನು ಹೇಳಲಿ ಎಂದು ಇಡೀ ದಿನ ಯೋಚಿಸಿದೆ. ತರಬೇತಿಗೆ ಬರುತ್ತೇನೋ ಇಲ್ಲವೋ ಎಂದು ನವೆಂಬರ್ ಹತ್ತರೊಳಗೆ ತಿಳಿಸಬೇಕು.

ಚೀಲವನ್ನು ವಾಪಸ್ ಕಳಿಸುತ್ತಿದ್ದೇನೆ. ಅವ್ವನಿಗೆ ಹೇಳಿಲ್ಲ. ಅದರೊಳಗೆ ಏನೂ ಇಲ್ಲ.

ಮೀನಾ


ಬೈಲಹೊಂಗಲ
28 ಅಕ್ಟೋಬರ್ 1997

ಮೀನಾ,

ಬರಿದಾಗಿ ಬಂದ ಚೀಲ ನಮ್ಮ ಮನೆಗೆ ಏನು ಹೇಳುತ್ತದೆ ಎಂಬುದು ನಿನಗೆ ಗೊತ್ತು. ಗೊತ್ತಿದ್ದೇ ಕಳಿಸಿದೆ. ಸರಿಯಾಗಿಯೇ ಮಾಡಿದೆ.

ಅದನ್ನು ಬಿಚ್ಚಿದವಳು ಅವ್ವ. ಮೊಣಕೈವರೆಗೆ ಕೈ ಹಾಕಿ ನೋಡಿದಳು. ತಲೆಕೆಳಗೆ ಮಾಡಿ ಜಾಡಿಸಿದಳು. ಆಮೇಲೆ ಗಾದಿಯ ಮೇಲೆ ಕುಸಿದು ಕೂತು, "ಏನ್ ತಪ್ಪ ಮಾಡೇವೋ ನಾವು?" ಎಂದಳು. ಗಿರಾಕಿಗಳು ನಿಂತಿದ್ದರು, ಚಾಚಾ ಮಶಿನ್ ನಿಲ್ಲಿಸಿದರು. ಅಲ್ಲೇ ಹೇಳಿದೆ.

"ಅದು ಬುತ್ತಿ ಚೀಲಾ ಅಲ್ಲಬೇ. ಆಕಿ ಬಾದಾಮ್ಯಾಗ ಕಲ್ಲ ಹತ್ತತಾಳ."

"ಹತ್ತಿ ಏನ್ ತರತಾಳ?"

"ಏನೂ ತರಂಗಿಲ್ಲ. ಹತ್ತತಾಳ, ಇಳಿತಾಳ."

"ಬಿದ್ರ?"

"ಹಗ್ಗಾ ಕಟ್ಟಿಕೊಂಡಿರತಾರ."

"ಹಗ್ಗಾ ಮಾರಾಕಿ ನಾನು, ಹಗ್ಗದ ಸುದ್ದಿ ನನಗ ಹೇಳಬ್ಯಾಡ. ಆಕಿ ಬೀಳಂಗಿಲ್ಲ ಅಂತ ಹೇಳತಿಯೇನು?"

ಬೀಳುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ತಾನಾಗಿಯೇ ಬರುತ್ತದೆ, ನನ್ನ ವ್ಯಾಪಾರವೇ ಅದು. "ಗೊತ್ತಿಲ್ಲಬೇ" ಎಂದೆ. ಅವ್ವ ಎದ್ದು ಒಳಗೆ ಹೋದಳು. ಮೂರು ದಿನವಾಯಿತು, ಅಡುಗೆ ಮಾಡಿ ಬಡಿಸುತ್ತಾಳೆ, ನನ್ನ ಜೊತೆ ಮಾತಿಲ್ಲ.

ಈಗ ನಿನಗೆ ಹೇಳದೇ ಇದ್ದದ್ದು. ಸೆಪ್ಟೆಂಬರಿನಲ್ಲಿ ಎಲ್ಲಮ್ಮನ ಗುಡ್ಡದ ಅಂಗಡಿಗಳಿಗೆ ತಾಡಪತ್ರಿ ಕೊಡಲು ಉಗರಗೋಳಕ್ಕೆ ಹೋಗಿದ್ದೆ. ನಿನ್ನ ಚೀಲವನ್ನೂ ಒಯ್ದಿದ್ದೆ. ಬರುವಾಗ ಸವದತ್ತಿಯಲ್ಲಿಳಿದು, ಅದರಲ್ಲಿ ಜೋಳ ತುಂಬಿಕೊಂಡು, ಪರಸಗಡ ಕೋಟೆಯ ಗುಡ್ಡ ಹತ್ತಿದೆ. ನೀನು ಮಾಡುವುದನ್ನು ಒಂದು ದಿನವಾದರೂ ಮಾಡಿ ನೋಡಬೇಕೆನ್ನಿಸಿತ್ತು. ಮೆಟ್ಟಿಲು ಬಿಟ್ಟು ಬಂಡೆಯ ಕಡೆಯಿಂದ ಹೋದೆ. ಅರ್ಧಕ್ಕೆ ಹಿಂದೆ ತಿರುಗಿ ನೋಡಿದ್ದೇ ತಪ್ಪಾಯಿತು. ಬಂಡೆಯನ್ನು ಅಪ್ಪಿಕೊಂಡು ಕೂತುಬಿಟ್ಟೆ. ಮೇಲೆ ಹೋಗಲೂ ಆಗಲಿಲ್ಲ, ಕೆಳಗೆ ಬರಲೂ ಆಗಲಿಲ್ಲ. ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತ ಲಗಮವ್ವ ಎಂಬ ಹೆಂಗಸು ಆ ಕಡೆ ಬಂದಳು. "ಕಣ್ಣ ಮುಚ್ಚಬ್ಯಾಡೋ ತಮ್ಮಾ, ಕಾಲ ಇಡೂ ಜಾಗಾ ನೋಡು" ಎಂದು ಬೈಯುತ್ತ ಬೈಯುತ್ತ ನನ್ನ ಕೈಹಿಡಿದು ಇಳಿಸಿದಳು. ಹೊರೆ ಕೆಳಗಿಡಲೇ ಇಲ್ಲ.

ಅಲ್ಲಿ ಕೂತಾಗ ನನಗೆ ಕಂಡದ್ದು ನನ್ನ ಕಾಲಲ್ಲ, ಬಂಡೆಯ ಮೇಲೆ ಜಾರುವ ನಿನ್ನ ಕಾಲು. ಆ ದಿನದಿಂದ, ಹೊಲಿಗೆಯ ವಿಷಯದ ಆ ಒಂದು ಪತ್ರ ಬಿಟ್ಟರೆ, ನಿನಗೆ ಬರೆಯಲು ಕೂತರೆ ಕೈ ಬರಲಿಲ್ಲ. ಹೋಗಬೇಡ ಎಂದು ಬರೆಯುವ ಮನಸ್ಸಾಗುತ್ತಿತ್ತು. ಬರೆಯಬಾರದೆಂದು ಸುಮ್ಮನಾದೆ. ಮುಹೂರ್ತದ ದಿನ ಹೂಂ ಎಂದಾಗ, ಈ ನೆಪದಲ್ಲಾದರೂ ನೀನು ನೆಲದ ಮೇಲೆ ಉಳಿಯುತ್ತೀಯ ಎಂದು ಒಳಗೊಳಗೇ ಸಮಾಧಾನವಾಗಿತ್ತು. ಇದಕ್ಕಿಂತ ಕೆಟ್ಟದ್ದು ನನ್ನಲ್ಲಿ ಇಲ್ಲ. ನಾನು ಎಲ್ಲಿ ಹರಿಯುತ್ತೇನೆ ಎಂದು ಕೇಳಿದ್ದೆಯಲ್ಲ, ಇಲ್ಲಿ.

ಅವ್ವ ಏನು ಹೇಳುತ್ತಾಳೋ ಗೊತ್ತಿಲ್ಲ. ಹೇಳಿದ ದಿನ ಬರೆಯುತ್ತೇನೆ. ಅವಳು ಬೇಡವೆಂದರೂ ನೀನು ತರಬೇತಿಗೆ ಬರುತ್ತೇನೆ ಎಂದು ತಿಳಿಸು. ಡಿಸೆಂಬರ್ ಏಳರಂದು ಮದುವೆಯ ಚಪ್ಪರದಲ್ಲಿ ನಾನೊಬ್ಬನೇ ಕೂತರೂ ಸರಿ.

ಗೌರೀಶ


ಬೈಲಹೊಂಗಲ
5 ನವೆಂಬರ್ 1997

ಪ್ರೀತಿಯ ಮೀನಾ,

ನಿನ್ನೆ ಅವ್ವ ಬಾಯಿ ಬಿಟ್ಟಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಬೀಳಂಗಿಲ್ಲ ಅಂತ ನೀ ಅಂದಿದ್ರ, ಆಕಿ ಬರದು ಕೊಟ್ಟಿದ್ದನ್ನ ಗಿಣಿ ಹಂಗ ಒದರಾಕತ್ತಾನ ಅಂತ ತಿಳಿತಿದ್ನಿ, ಡಿಸೆಂಬರದಾಗ ಲಗ್ನಾ ಮಾಡಿ ಕೈ ತೊಳಕೊಂತಿದ್ನಿ. ಗೊತ್ತಿಲ್ಲ ಅಂದಿ. ನಿನಗೂ ಅಂಜಿಕಿ ಐತಿ, ಆದರೂ ಆಕಿ ಪರವಾಗಿ ನಿಂತಿ. ನಿಮ್ಮಪ್ಪ ಹೋದಾಗಿಂದ ನೀ ನನಗ ಹೇಳಿದ ಮೊದಲನೇ ಖರೇ ಮಾತು ಅದು."

ಮದುವೆ ಮಾಘಕ್ಕೆ ಹೋಯಿತು. ಅವ್ವನೇ ಶಂಕರೆಪ್ಪ ಕಾಕಾ ಅವರಿಗೆ ಫೋನ್ ಮಾಡಿ, ಸುಗ್ಗಿಯ ಗದ್ದಲ ಎಂಬಂಥ ಯಾವ ನೆಪವನ್ನೂ ಹೇಳದೆ, "ಹುಡುಗಿಗೆ ಡಿಸೆಂಬರದಾಗ ಬ್ಯಾರೆ ಕೆಲಸ ಐತ್ರಿ" ಎಂದಳು. ಆದರೆ ಇಷ್ಟಕ್ಕೇ ಎಲ್ಲ ಮುಗಿಯಿತೆಂದು ನಾನು ಬರೆಯುವುದಿಲ್ಲ. ಮದುವೆಯಾದ ಮೇಲೂ ಹತ್ತುವುದರ ಬಗ್ಗೆ ಅವ್ವ ಒಪ್ಪಿಲ್ಲ. "ಅದನ್ನ ಕಣ್ಣಿಲೆ ನೋಡಿದ ಮ್ಯಾಲೆ ಹೇಳತೇನಿ" ಎಂದಿದ್ದಾಳೆ. ಏನು ಹೇಳುತ್ತಾಳೋ ನನಗೆ ತಿಳಿಯದು.

ಚೀಲ ಈ ಪತ್ರದ ಜೊತೆಗೇ ಬರುತ್ತಿದೆ. ಇದು ಎಲ್ಲಿ ಹರಿಯುತ್ತದೆ ಎಂದರೆ, ಬಲ ಹೆಗಲಿನ ಪಟ್ಟಿಯ ಮೇಲಿನ ಹೊಲಿಗೆಯಲ್ಲಿ. ನೀನು ಯಾವಾಗಲೂ ಒಂದೇ ಹೆಗಲಿನಿಂದ ಎತ್ತಿಕೊಳ್ಳುತ್ತೀಯ, ಕ್ಯಾನ್ವಾಸು ಅಲ್ಲಿ ಸವೆದದ್ದು ನೋಡಿದರೆ ತಿಳಿಯುತ್ತದೆ. ಎರಡು ವರ್ಷ ತಡೆಯಬಹುದು, ತಡೆಯದೇ ಇರಬಹುದು. ಪ್ರತಿ ಸಲ ಹತ್ತುವ ಮುಂಚೆ ಅಲ್ಲಿ ಬೆರಳಿಟ್ಟು ನೋಡು. ಎಳೆ ಸಡಿಲವಾಗಿದ್ದರೆ ಹಾಕಿಕೊಳ್ಳಬೇಡ. ತಳ ಮೊದಲು ಹೋಗುತ್ತದೆ ಎಂದು ಚಾಚಾ ವಾದಿಸುತ್ತಾರೆ, ನಾನು ಒಪ್ಪುವುದಿಲ್ಲ.

ನನಗೆ ಈಗಲೂ ಭಯವೇ. ಹೋಗಿ ಬಾ.

ನಿನ್ನ
ಗೌರೀಶ


ಬಾದಾಮಿ
11 ಡಿಸೆಂಬರ್ 1997

ಪ್ರೀತಿಯ ಗೌರೀಶ,

ನಿಮ್ಮ ಅವ್ವ ಬನಶಂಕರಿಗೆ ಹೋಗಿ ಬರುತ್ತೇನೆಂದು ಹೇಳಿ ಬಂದಿದ್ದಾರೆ ಅಲ್ಲವೇ? ಬನಶಂಕರಿಗೂ ಹೋದರು, ಅದು ಸಂಜೆ. ಬೆಳಗಿನಿಂದ ಅವರು ನಮ್ಮ ಬಂಡೆಯ ಕೆಳಗಿದ್ದರು.

ನಾನು ಹಗ್ಗ ಕಟ್ಟಿಕೊಳ್ಳುವಾಗ ದೂರದಿಂದ ಬರುವವರನ್ನು ಕಂಡು ಯಾರೋ ಯಾತ್ರೆಯವರು ಎಂದುಕೊಂಡೆ. ಹತ್ತಿರ ಬಂದು "ಮೀನವ್ವಾ" ಎಂದಾಗ ನನ್ನ ಕೈ ಗಂಟು ಹಾಕುವುದನ್ನೇ ಮರೆಯಿತು. ಪ್ಯಾಂಟು ಹಾಕಿಕೊಂಡಿದ್ದೆ, ಮೈತುಂಬ ಕೆಂಪು ಧೂಳು. ಕಾಲು ಮುಟ್ಟಲು ಬಗ್ಗಿದರೆ ಸೊಂಟದ ಹಗ್ಗ ಬಿಡಲಿಲ್ಲ. ಅವರು ಆ ಹಗ್ಗವನ್ನೇ ಹಿಡಿದು, ಎಳೆ ತಿರುವಿ, ಉಗುರಿನಿಂದ ಕೆರೆದು ನೋಡಿದರು. "ಮಾಲ ಚಲೋ ಐತಿ" ಎಂದರು. ಆಮೇಲೆ ಒಂದು ಕಲ್ಲಿನ ಮೇಲೆ ಕೂತರು, ಬಂಡೆಗೆ ಬೆನ್ನು ಹಾಕಿ.

ನಾನು ಹತ್ತಿದೆ. ಅವರು ತಿರುಗಿ ನೋಡಲಿಲ್ಲ. ನಮ್ಮ ತರಬೇತುದಾರರು "ನೋಡ್ರಿ ಅಮ್ಮಾ, ಎಷ್ಟ ಚಂದ ಹತ್ತಾಕತ್ತಾಳ" ಎಂದರೆ, "ನೀವು ನೋಡ್ರಿ, ಅದಕ್ಕ ನಿಮ್ಮನ್ನ ಇಟ್ಟಾರ" ಎಂದರಂತೆ. ಅರ್ಧದಲ್ಲಿ ನನ್ನ ಕಾಲು ಜಾರಿತು. ನಿಮಗೆ ಹೇಳದೇ ಇರಬಹುದಿತ್ತು, ಆದರೆ ಹೇಳುತ್ತೇನೆ. ಹಗ್ಗ ಹಿಡಿಯಿತು, ಒಂದು ಮಾರಿನಷ್ಟು ಕೆಳಗೆ ಬಂದು ನಿಂತೆ, ಮೊಣಕಾಲು ತರಚಿತು. ಕೆಳಗೆ ಎಲ್ಲರೂ ಕೂಗಿದರು. ಆಗ ಅವರು ತಿರುಗಿದರು. ಆಮೇಲೆ ನಾನು ತುದಿ ಮುಟ್ಟಿ ಇಳಿಯುವವರೆಗೆ ಕಣ್ಣು ತೆಗೆಯಲಿಲ್ಲವಂತೆ.

ಕೆಳಗೆ ಬಂದಾಗ ನನ್ನ ಎರಡೂ ಅಂಗೈ ಹಿಡಿದು ಬಿಡಿಸಿ ನೋಡಿದರು. ಚರ್ಮ ಕಿತ್ತಿತ್ತು, ರಕ್ತವಿತ್ತು. ನೋಡುತ್ತಲೇ ಕೇಳಿದರು, "ಮ್ಯಾಲ ಹೋದ್ರ ಏನ್ ಕಾಣತೈತಿ?"

"ಅಗಸ್ತ್ಯ ತೀರ್ಥ ಕಾಣತೈತ್ರಿ ಅತ್ತಿ. ಹೊಲಾ, ಊರು, ದೂರಕ ರಸ್ತೆ."

"ಬೈಲಹೊಂಗಲ ಕಾಣತೈತೇನು?"

"ಇಲ್ರಿ. ಅಷ್ಟ ದೂರ ಕಾಣಂಗಿಲ್ಲ."

ಅವರು ಜೋರಾಗಿ ನಕ್ಕರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ನನ್ನ ಮಗಾ ಆಗಿದ್ರ ಕಾಣತೈತಿ ಅಂತಿದ್ದ. ನಮ್ಮ ಮನಿ ಮಾಳಿಗಿನೂ ಕಾಣತೈತಿ ಅಂತಿದ್ದ" ಎಂದರು.

ಆಮೇಲೆ ನನ್ನ ಗಾಯಕ್ಕೆ ಅರಿಶಿಣ ಹಚ್ಚುತ್ತ, ನನ್ನ ಮುಖ ನೋಡದೆ ಹೇಳಿದರು: "ಲಗ್ನಾ ಆದ ಮ್ಯಾಲೂ ಹತ್ತು. ಬ್ಯಾಡ ಅಂದ್ರ ನೀ ಕೇಳಾಕಿ ಅಲ್ಲ, ಬ್ಯಾಡ ಅನ್ನಾಕ ನನಗೂ ಈಗ ಮನಸ್ಸಿಲ್ಲ. ಆದ್ರ ಪ್ರತಿ ಸಲ ಹೋಗುಮುಂದ ನನ್ನ ಮುಂದ ನಿಂತು ಹೇಳಿ ಹೋಗು. ಅವನ ಕೈಯಾಗ ಹೇಳಿ ಕಳಸಬ್ಯಾಡ."

ನಾನು ಹೂಂ ಎಂದೆ. ಎಲ್ಲರ ಮುಂದೆ ಅತ್ತುಬಿಟ್ಟೆ.

ನಿಮ್ಮ
ಮೀನಾ